ಉದುರಿದ ಎಲೆ ಯಾರದು?

ಬೆಂಗಳೂರಿನ ರಸ್ತೆಬದಿಯ ಮರಗಳು ಎಲೆ ಉದುರಿಸುವ ತಿಂಗಳುಗಳಲ್ಲಿ ಪ್ರತಿವರ್ಷ ಒಂದೇ ಜಗಳ: ಗುಡಿಸಿದ ಎಲೆಯನ್ನು ಸುಡಬೇಕೋ, ಗೊಬ್ಬರ ಮಾಡಬೇಕೋ? 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿದ್ದವು, ತೋಟದ ಕಸವನ್ನು ಬೇರೆಯಾಗಿಡಿ ಎಂದಿದ್ದವು. ಕೆಲವು ಬಡಾವಣೆಗಳ ಪಾರ್ಕುಗಳಲ್ಲಿ ಜಾಲರಿಯ ಗೂಡು ಕಟ್ಟಿ ಎಲೆ ಕೊಳೆಸುತ್ತಾರೆ. ಇದರ ಇತಿಹಾಸ ಹೇಳುವವರು ಸಾಮಾನ್ಯವಾಗಿ ಆಲ್ಬರ್ಟ್ ಹೋವರ್ಡ್‌ರ ಇಂದೋರ್ ಪದ್ಧತಿಯಿಂದ ಶುರುಮಾಡಿ, 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ ಬೆಂಗಳೂರು ಪದ್ಧತಿಗೆ ಬರುತ್ತಾರೆ. ಊರಿನ ಕಸವನ್ನೂ ಮಲವನ್ನೂ ಪದರಪದರವಾಗಿ ಗುಂಡಿಗೆ ತುಂಬಿ, ಮಣ್ಣು ಮುಚ್ಚಿ, ಮಗುಚದೆ ತಿಂಗಳುಗಟ್ಟಲೆ ಬಿಡುವ ಕ್ರಮ ಅದು. ಪುರಸಭೆಗಳಿಗೆ ಹೇಳಿಮಾಡಿಸಿದಂತಿತ್ತು.

ಈ ಕಥೆಯಲ್ಲಿ ತಪ್ಪೇನಿಲ್ಲ. ಆದರೆ ಇದು ಎಲೆ ಹೇಗೆ ಕೊಳೆಯುತ್ತದೆ ಎಂಬುದರ ಇತಿಹಾಸ. ಎಲೆಯನ್ನು ಎತ್ತುವ ಹಕ್ಕು ಯಾರಿಗಿತ್ತು ಎಂಬ ಇತಿಹಾಸ ಬೇರೆಯೇ ಇದೆ. ಅದನ್ನು ಓದಲು ಉತ್ತರ ಕನ್ನಡದ ಕರಾವಳಿಗೆ ಬರಬೇಕು. ನನ್ನ ಸಂಶೋಧನೆ ಕರಾವಳಿಯ ಭೂಬಳಕೆಯ ಬಗ್ಗೆ. ಅದನ್ನು ಓದುತ್ತ ಹೋದಂತೆ ಕಂದಾಯದಷ್ಟೇ ಎದುರಾದದ್ದು ಸೊಪ್ಪಿನ ಮಾತು.

ತದಡಿಯಿಂದಲೇ ನೋಡೋಣ. ಅಘನಾಶಿನಿ ಸಮುದ್ರ ಸೇರುವ ಈ ಮೀನುಗಾರಿಕೆಯ ಊರಿಂದ ಹೊಳೆಗುಂಟ ಮೇಲೆ ಹೋದರೆ ಮೊದಲು ಸಿಗುವುದು ಗಜನಿ ಗದ್ದೆಗಳು. ಅಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಗೊಬ್ಬರ ಬೇಡ. ಉಪ್ಪುನೀರು ತರುವ ಮೆಕ್ಕಲೇ ಸಾಕು. ತೆನೆಯನ್ನಷ್ಟೇ ಕೊಯ್ದು ದಂಟನ್ನು ನೀರಲ್ಲೇ ಕೊಳೆಯಲು ಬಿಡುವ ರೂಢಿ. ಗಜನಿ ದಾಟಿ ದಿಬ್ಬದ ಗದ್ದೆ, ತರಕಾರಿ ಹಿತ್ತಲು, ಅಡಿಕೆ ತೋಟಕ್ಕೆ ಹತ್ತಿದರೆ ಲೆಕ್ಕ ತಿರುಗುಮುರುಗು. ಇಲ್ಲಿಯದು ಕೆಂಪು ಕಲ್ಲಿನ ನೆಲ. ಮಳೆ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅದನ್ನು ತುಂಬಿಕೊಡುವುದು ಕಾಡು: ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು. ದರಕು ಎಂದರೆ ಉದುರಿದ ಒಣ ಎಲೆ. ಅದನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ, ಸಗಣಿ-ಗಂಜಳದಲ್ಲಿ ನೆನೆದ ಮೇಲೆ ಗೊಬ್ಬರಗುಂಡಿಗೆ ಎಳೆಯುತ್ತಾರೆ. ಹೋವರ್ಡ್ ತಮ್ಮ ಪದ್ಧತಿಗೆ ಎಲೆ-ಕಡ್ಡಿಯನ್ನೂ ಸಗಣಿಯನ್ನೂ ಬೆರೆಸಿದ್ದನ್ನು ಈ ಕೊಟ್ಟಿಗೆಗಳು ಅವರ ಹೆಸರು ಕೇಳುವ ಮೊದಲೇ ಮಾಡುತ್ತಿದ್ದವು.

ಸರಕಾರ ಕಾಡಿಗೆ ಗಡಿಕಲ್ಲು ನೆಟ್ಟಾಗ ಕಷ್ಟ ಶುರುವಾಯಿತು. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ನಂತರ ಜಿಲ್ಲೆಯ ಕಾಡಿನ ಬಹುಪಾಲು ಮೀಸಲಾಯಿತು. ತೇಗದ ಮೇಲೆ ಕಣ್ಣಿಟ್ಟ ಇಲಾಖೆಗೆ ದರಕು ಕಸ, ಅದನ್ನು ಎತ್ತುವವನು ಅತಿಕ್ರಮಿ. 1880ರ ದಶಕದಲ್ಲಿ ಶಿರಸಿಯಲ್ಲಿ ಹುಟ್ಟಿದ ಸಂಘಟನೆಯೊಂದರ ಹೆಸರೇ ವನದುಃಖ ನಿವಾರಣಾ ಸಭೆ. ಕಾಡಿನಿಂದಾಗುವ ದುಃಖವಲ್ಲ, ಕಾಡು ಕೈತಪ್ಪಿದ ದುಃಖ.

ಅಡಿಕೆ ತೋಟದವರಿಗೆ ಸರಕಾರ ಒಂದು ದಾರಿ ಬಿಟ್ಟಿತು. ಅದೇ ಸೊಪ್ಪಿನ ಬೆಟ್ಟ: ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ, ಕರಾವಳಿಯಲ್ಲಿ ಅದಕ್ಕಿಂತ ಕಡಿಮೆ. ಮರ ಸರಕಾರದ್ದು, ಸೊಪ್ಪು ತೋಟದವನದ್ದು. ಬೆಟ್ಟವನ್ನು ನಮ್ಮಲ್ಲಿ ಬಹಳ ಸಲ ಪರಿಸರಸ್ನೇಹಿ ಪರಂಪರೆ ಎಂದು ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ಒಂದು ಮಾತು ಮರೆಯಾಗುತ್ತದೆ: ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ತೋಟದವನ ಬೆಟ್ಟದಲ್ಲಿ ದರಕು ಗುಡಿಸಿ ತಲೆಹೊರೆ ಹೊತ್ತವರಲ್ಲಿ ಅನೇಕರು ಸ್ವಂತ ಜಮೀನಿಲ್ಲದ ಹೆಂಗಸರು. ಅವರ ದುಡಿಮೆ ಹಕ್ಕುಪತ್ರದಲ್ಲಿ ಬರುವಂಥದ್ದಲ್ಲ. ಇನ್ನೂ ಒಂದು ಮಾತಿದೆ. ವರ್ಷವರ್ಷ ಎಲೆ ಒಯ್ದರೆ ತೋಟದ ಮಣ್ಣು ಕೊಬ್ಬುತ್ತದೆ, ಬೆಟ್ಟದ ಮಣ್ಣು ಬಡವಾಗುತ್ತದೆ. ಎಷ್ಟೋ ಬೆಟ್ಟಗಳು ಬೋಳಾದದ್ದಕ್ಕೆ ಇಲಾಖೆಯನ್ನಷ್ಟೇ ದೂರುವುದು ಪ್ರಾಮಾಣಿಕವಲ್ಲ.

ಉಳಿದ ಜನಕ್ಕೆ ಸಿಕ್ಕಿದ್ದು ‘ಮೈನರ್ ಫಾರೆಸ್ಟ್’, ಊರ ಹತ್ತಿರದ ಕಾಡು. ಎಲ್ಲರದ್ದೂ ಆಗಿದ್ದರಿಂದ ಯಾರದ್ದೂ ಅಲ್ಲದ ಕಾಡು ಅದು. ಬೇಗ ಸವೆಯಿತು. ಕರಾವಳಿ ತಾಲೂಕುಗಳ ಅರಣ್ಯ ವ್ಯವಸ್ಥೆಯನ್ನು ಮರುಪರಿಶೀಲಿಸಿದ ಅಧಿಕಾರಿ ಕಾಲಿನ್ಸ್ 1921ರಲ್ಲಿ ವರದಿ ಕೊಟ್ಟರು. ಆ ದಶಕದಲ್ಲಿ ಕಾಡಿನ ತುಂಡುಗಳನ್ನು ಗ್ರಾಮಸ್ಥರದೇ ಪಂಚಾಯತಿಗಳ ಕೈಗೆ ಒಪ್ಪಿಸುವ ಕೆಲಸ ಶುರುವಾಯಿತು. ಹಳ್ಳಿಕಾಡಿಗೆ 1878ರ ಕಾಯ್ದೆಯಲ್ಲೇ ಅವಕಾಶವಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಅದು ಕಾಗದದಿಂದ ಕುಮಟಾ ತಾಲೂಕಿನ ನೆಲಕ್ಕಿಳಿಯಲು ನಾಲ್ಕು ದಶಕ ಹಿಡಿಯಿತು.

ಕುಮಟಾ ಪಟ್ಟಣಕ್ಕೆ ಅಂಟಿಕೊಂಡಂತಿರುವ ಹಳಕಾರದ ಗ್ರಾಮ ಅರಣ್ಯ ಪಂಚಾಯತಿ ಹಾಗೆ ಹುಟ್ಟಿದ್ದು. ಚಿತ್ರಗಿ, ಮೂರೂರು-ಕಲ್ಲಬ್ಬೆಗಳಲ್ಲೂ ಇಂಥವು ಇದ್ದವು. ವ್ಯವಸ್ಥೆ ತೀರ ಸರಳ: ಊರವರು ಆರಿಸಿದ ಸಮಿತಿ, ಊರವರೇ ಸಂಬಳ ಕೊಡುವ ಕಾವಲುಗಾರ, ಏನನ್ನು ಯಾವಾಗ ತರಬಹುದೆಂಬ ಕಟ್ಟಳೆ. ಇದರಲ್ಲಿ ತಂತ್ರಜ್ಞಾನವೆಂಬುದು ಯಾವುದೂ ಇಲ್ಲ. ಮಾಧವ ಗಾಡ್ಗೀಳ್, ಎಂ. ಡಿ. ಸುಭಾಷ್‌ಚಂದ್ರನ್‌ರಂಥ ಪರಿಸರ ವಿಜ್ಞಾನಿಗಳನ್ನು ಈ ಸೀಮೆಯ ಹಳ್ಳಿಕಾಡುಗಳು ಸೆಳೆದದ್ದು, ಪೇಟೆಯ ಬಗಲಲ್ಲೂ ಕಾಡು ಉಳಿದಿದೆಯಲ್ಲ ಎಂಬ ಕಾರಣಕ್ಕೆ.

1979ರಲ್ಲಿ ಕರ್ನಾಟಕದ ಅರಣ್ಯ ಇಲಾಖೆ ಈ ಪಂಚಾಯತಿಗಳನ್ನು ರದ್ದುಮಾಡಲು ಹೊರಟಿತು. ಹಳಕಾರದವರು ಹೈಕೋರ್ಟಿಗೆ ಹೋಗಿ ತಡೆ ತಂದರು. ನನಗೆ ಇದು ಸಣ್ಣ ಘಟನೆ ಎನಿಸುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಸಿಕ್ಕಿದ್ದ ಕಾಡಿನ ಮೇಲಿನ ಅಧಿಕಾರವನ್ನು ತಮ್ಮದೇ ಸರಕಾರದಿಂದ ಉಳಿಸಿಕೊಳ್ಳಲು ಒಂದು ಊರು ವಕೀಲರನ್ನು ಹಿಡಿಯಬೇಕಾಯಿತು. ತಮಾಷೆಯೆಂದರೆ, ಇದಕ್ಕೆ ನಾಲ್ಕು ವರ್ಷ ಮೊದಲು, 1975ರಲ್ಲಿ, ಇದೇ ರಾಜ್ಯ ಬೆಂಗಳೂರಿನ ಕಸದಿಂದ ಗೊಬ್ಬರ ಮಾಡಲೆಂದು ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಕಟ್ಟಿತ್ತು. ಎಲೆಯನ್ನು ಗೊಬ್ಬರ ಮಾಡಿಯೇ ಬದುಕುತ್ತಿದ್ದ ಊರವರು ಆ ಯೋಜನೆಯ ಕಣ್ಣಿಗೆ ಬಿದ್ದಂತಿಲ್ಲ.

ಪಾರ್ಕಿನ ಜಾಲರಿ ಗೂಡುಗಳಿಗೆ ಮರಳಿದರೆ, ಅಲ್ಲೂ ಕೇಳಬೇಕಾದದ್ದು ಹಳಕಾರದಲ್ಲಿ ಕೇಳಿದ್ದನ್ನೇ. ಗುಡಿಸುವ ಪೌರಕಾರ್ಮಿಕ ಮಹಿಳೆಗೆ ಆ ಗೊಬ್ಬರದಲ್ಲಿ ಪಾಲಿದೆಯೇ? ಗೂಡು ತುಂಬಿದ ಮೇಲೆ ಗೊಬ್ಬರ ಯಾವ ಮಣ್ಣಿಗೆ ಹೋಗಬೇಕೆಂದು ನಿರ್ಧರಿಸುವವರು ಯಾರು, ಬಡಾವಣೆಯ ಸಂಘವೋ, ಪಾಲಿಕೆಯೋ, ಗುತ್ತಿಗೆದಾರನೋ? ಕುಮಟಾದ ಕಡೆ ಈಗ ದನ ಕಟ್ಟುವ ಮನೆಗಳು ಕಡಿಮೆಯಾಗಿವೆ, ಗೊಬ್ಬರ ಅಂಗಡಿಯ ಚೀಲದಲ್ಲಿ ಬರುತ್ತದೆ. ಗುಡಿಸುವವರಿಲ್ಲದ ಬೆಟ್ಟಗಳಲ್ಲಿ ದರಕು ದಪ್ಪಗೆ ಬಿದ್ದಿರುತ್ತದೆ. ಮಾರ್ಚ್ ಬಂತೆಂದರೆ ಬೆಂಕಿಯದೇ ಹೆದರಿಕೆ.