ಬಾಸ್ಕೆಟ್‌ಬಾಲ್ ಆಟವೂ ಘಟ್ಟದ ಮಳೆಯೂ

ಕಾಲೇಜು ತಂಡವೊಂದರ ಕ್ರೀಡಾವರ್ಷದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆಲವು ಸೋಲುಗಳ ಪಟ್ಟಿಯಿಂದ ಆರಂಭಿಸುತ್ತಾರೆ. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮಟ್ಟಿಗೆ ನೆಲದಿಂದಲೂ ಮಳೆಯಿಂದಲೂ ಆರಂಭಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲನ್ನು ರೂಪಿಸಿದುದು, ಚಳಿಗಾಲದಲ್ಲಿ ತರುಣರು ಸೂರಿನ ಕೆಳಗೆ ಆಡಲೆಂದು. ೧೯೨೦ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯ ಮೂಲಕ ದಕ್ಷಿಣದಲ್ಲಿ ಹರಡಿದ ಈ ಆಟ, ನಮ್ಮಲ್ಲಿ ಬಹುಮಟ್ಟಿಗೆ ಬಯಲಿನ ಆಟವಾಯಿತು. ೧೯೪೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಘಟ್ಟದ ಕಾಲೇಜುಗಳು ಅಂತರಕಾಲೇಜು ಪಂದ್ಯಗಳಲ್ಲಿ ಧಾರವಾಡದ ತಂಡಗಳನ್ನು ಎದುರಿಸಬೇಕಾಯಿತು.

ವಾಲಿಬಾಲಿಗೆ ಎರಡು ಕಂಬ, ಒಂದು ಬಲೆ ಸಾಕು. ಕೊಯ್ಲಾದ ಗದ್ದೆಯೂ ಆದೀತು. ಬಾಸ್ಕೆಟ್‌ಬಾಲಿನಲ್ಲಾದರೋ ಚೆಂಡು ನೆಲದಿಂದ ಪುಟಿದೇಳಬೇಕು. ೨೮ ಮೀಟರು ಉದ್ದ, ೧೫ ಮೀಟರು ಅಗಲದ ಗಟ್ಟಿಯಾದ ಸಮನೆಲ ಬೇಕು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು ನೂರು ಅಂಗುಲ ಮಳೆ. ಧಾರವಾಡದಲ್ಲಿ ಅದರ ಮೂರನೆಯ ಒಂದು ಪಾಲು. ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದಲ್ಲಿ ಮಣ್ಣಿನ ಅಂಕಣ ಕೆಸರಾಗುತ್ತದೆ, ಸಿಮೆಂಟಿನ ಅಂಕಣ ಹಾವಸೆಗಟ್ಟುತ್ತದೆ. ಜೂನಿನಲ್ಲಿ ಕಾಲೇಜು ತೆರೆಯುತ್ತಿದ್ದ ದಶಕಗಳಲ್ಲಿ ಸೂರಿಲ್ಲದ ಅಂಕಣದ ತಂಡಕ್ಕೆ ವರ್ಷದ ಮೊದಲ ನಾಲ್ಕು ತಿಂಗಳು ಅಭ್ಯಾಸಕ್ಕೆ ದಕ್ಕುತ್ತಿದ್ದುದು ಅತ್ಯಲ್ಪ.

ಆದುದರಿಂದ ಅಂಕಪಟ್ಟಿಯನ್ನಷ್ಟೇ ನೋಡಿ ಘಟ್ಟದ ತರುಣರ ಸಾಮರ್ಥ್ಯವನ್ನು ಅಳೆಯುವುದು ನ್ಯಾಯವಲ್ಲ. ಸೂರಿನ ಕೆಳಗೆ ಹುಟ್ಟಿದ ಆಟವನ್ನು ಸೂರಿಲ್ಲದೆ ಆಡಿದವರ ವಿಷಯದಲ್ಲಿ, ಎಷ್ಟು ಪಂದ್ಯ ಗೆದ್ದರೆಂಬುದಕ್ಕಿಂತ ಮೊದಲು ಎಷ್ಟು ದಿನ ಒಣನೆಲ ದೊರೆಯಿತೆಂಬುದನ್ನು ಇತಿಹಾಸಕಾರನು ಕೇಳಬೇಕು.