ಬೇಸ್ ಗಿಟಾರ್: ದೊಡ್ಡ ನಾದ, ಕೈಗೆಟಕುವ ಬೆಲೆ



ಮಂಗಳೂರಿನ ದೇರೆಬೈಲಿನಲ್ಲಿ ಕೊಂಕಣಿ ಮದುವೆಯ ಆರತಕ್ಷತೆಗೆ ಹೋದರೆ ವಾದ್ಯವೃಂದವನ್ನು ಸ್ವಲ್ಪ ಗಮನಿಸಿ. ಎಲ್ಲರ ಕಣ್ಣು ಹಾಡುಗಾರರ ಮೇಲೆ. ಹಿಂದೆ ನಿಂತು ನಾಲ್ಕು ದಪ್ಪ ತಂತಿಗಳನ್ನು ಮೀಟುವವನನ್ನು ಯಾರೂ ಗುರುತಿಸುವುದಿಲ್ಲ. ಆದರೆ ಅವನು ಕೈ ನಿಲ್ಲಿಸಿದರೆ ಹಾಡಿಗೆ ತಳವೇ ಇಲ್ಲದಂತಾಗುತ್ತದೆ. ಅವನ ಕೈಯಲ್ಲಿರುವುದು ಬೇಸ್ ಗಿಟಾರ್.

ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಹೊತ್ತು ತಿರುಗುವುದು ಕಷ್ಟ. ಡ್ರಮ್ಮು, ಕಹಳೆಗಳ ನಡುವೆ ಅದರ ದನಿಯೂ ಅಡಗಿಹೋಗುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್ಮಾರ್ಕ್ ವಿದ್ಯುತ್ ಬೇಸ್ ಗಿಟಾರನ್ನು ತಯಾರಿಸಿದರೂ ಅದು ಹೆಚ್ಚು ಪ್ರಚಾರಕ್ಕೆ ಬರಲಿಲ್ಲ. 1951ರಲ್ಲಿ ಲಿಯೋ ಫೆಂಡರ್ ಅವರ 'ಪ್ರಿಸಿಷನ್ ಬೇಸ್' ಬಂದಿತು. ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ವೀಣೆಯಂತೆ ಇದರಲ್ಲೂ ಮೆಟ್ಟಿಲುಗಳಿದ್ದುದರಿಂದ ಸ್ವರ ಖಚಿತವಾಯಿತು. ಕತ್ತನ್ನೂ ಒಡಲನ್ನೂ ಬೇರೆಬೇರೆ ತಯಾರಿಸಿ ತಿರುಪಿನಿಂದ ಜೋಡಿಸುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಬೇಗ ಬೇಗ ಮಾಡಲು ಸಾಧ್ಯವಾಯಿತು. ಅಗ್ಗದ ಬೇಸ್‌ನ ಬೀಜ ಇಲ್ಲಿದೆ. 1982ರಲ್ಲಿ ಫೆಂಡರ್ ಕಂಪೆನಿ 'ಸ್ಕ್ವಯರ್' ಎಂಬ ಹೆಸರಿನಲ್ಲಿ ಜಪಾನಿನಲ್ಲಿ ಕಡಿಮೆ ಬೆಲೆಯ ಗಿಟಾರುಗಳನ್ನು ಮಾಡಿಸತೊಡಗಿತು. ಮುಂದೆ ಈ ತಯಾರಿಕೆ ಕೊರಿಯಾ, ಚೀನಾ, ಇಂಡೋನೇಷ್ಯಾಗಳಿಗೂ ಹಬ್ಬಿತು.

ಮಂಗಳೂರಿನಲ್ಲಿ ಹಾಡಿಗೆ ಎಂದೂ ಬರವಿರಲಿಲ್ಲ. 'ಕೊಂಕಣ ಕೋಗುಳ' ವಿಲ್ಫಿ ರೆಬಿಂಬಸ್ (1942–2010) ಇಲ್ಲಿಯವರು. 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯ ಕಲಾಂಗಣ ದೇರೆಬೈಲಿಗೆ ದೂರವಲ್ಲದ ಶಕ್ತಿನಗರದಲ್ಲಿದೆ. ಬರವಿದ್ದುದು ವಾದ್ಯಕ್ಕೆ. ಆಮದಿನ ಮೇಲೆ ಲೈಸೆನ್ಸ್ ಮತ್ತು ಭಾರೀ ಸುಂಕದ ಕಟ್ಟುಪಾಡಿತ್ತು. 1991ರ ಆರ್ಥಿಕ ಸುಧಾರಣೆಯ ನಂತರ ಅದು ಸಡಿಲವಾಗುತ್ತ ಬಂದು, ಗ್ರಾಹಕ ವಸ್ತುಗಳ ಆಮದಿನ ಪ್ರಮಾಣದ ನಿರ್ಬಂಧ 2001ರಲ್ಲಿ ತೆರವಾಯಿತು.

ಈಗ ನೀವೂ ಒಂದನ್ನು ಕೊಳ್ಳಬಹುದು. ಆದರೆ ಅಪ್ಪ ಅಮ್ಮ ಕೂಡಿಟ್ಟ ಹಣ ವ್ಯರ್ಥವಾಗಬಾರದಲ್ಲ? ಬಣ್ಣಕ್ಕೆ ಮರುಳಾಗದೆ, ಕತ್ತು ತಿರುಚಿಲ್ಲವೇ, ಬಿರಡೆಗಳು ಬಿಗಿಯಾಗಿವೆಯೇ, ಪ್ರತಿ ಮೆಟ್ಟಿಲಿನಲ್ಲೂ ಸ್ವರ ಕರಕರ ಎನ್ನದೆ ಹೊಮ್ಮುತ್ತದೆಯೇ ನೋಡಿ.

ಮನೆಗೆ ತಂದ ಮೇಲೆ ಮೊದಲು ಶ್ರುತಿ ಮಾಡಿ: ಇ, ಎ, ಡಿ, ಜಿ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಕತ್ತು ಮುಂದಕ್ಕೆ ಬಾಗಿದ್ದರೆ ಒಳಗಿನ ಉಕ್ಕಿನ ಸರಳನ್ನು ಒಮ್ಮೆಗೆ ಕಾಲು ಸುತ್ತಿನಷ್ಟು ಮಾತ್ರ ಬಿಗಿ ಮಾಡಿ. ಅನಂತರ ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಎರಡು ಮೂರು ಮಿಲಿಮೀಟರ್ ಇರುವಂತೆ ಕುದುರೆಯನ್ನು ಹೊಂದಿಸಿ. ಕೊನೆಯದು ಗಣಿತ. ಕತ್ತಿನ ತುದಿಯಿಂದ ಕುದುರೆಯವರೆಗೆ ಸಾಮಾನ್ಯವಾಗಿ 34 ಅಂಗುಲ. ಹನ್ನೆರಡನೆಯ ಮೆಟ್ಟಿಲು 17 ಅಂಗುಲದಲ್ಲಿ, ಸರಿಯಾಗಿ ಅರ್ಧಕ್ಕೆ. ಅಲ್ಲಿ ಒತ್ತಿ ನುಡಿಸಿದ ಸ್ವರ ತೆರೆದ ತಂತಿಯ ಮೇಲಿನ ಸ್ಥಾಯಿಯೇ ಆಗಿರಬೇಕು. ಏರಿದ್ದರೆ ಕುದುರೆಯನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ.

ನಮ್ಮ ಕರಾವಳಿಯ ತೇವಕ್ಕೆ ತಂತಿ ತುಕ್ಕು ಹಿಡಿಯುತ್ತದೆ, ಮರ ಉಬ್ಬುತ್ತದೆ. ನುಡಿಸಿದ ಮೇಲೆ ಬಟ್ಟೆಯಿಂದ ಒರೆಸಿಡಿ. ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಕತ್ತನ್ನು ಪರೀಕ್ಷಿಸಿ. ಹೊಂದಿಸದ ವಾದ್ಯದಲ್ಲಿ ಬೆರಳು ನೊಂದಾಗ 'ನನಗೆ ಸಂಗೀತ ಬಾರದು' ಎಂದು ಕೈಬಿಟ್ಟವರು ಉಂಟು. ತಪ್ಪು ನಿಮ್ಮದೋ ತಂತಿಯದೋ, ಮೊದಲು ಅಳೆದು ನೋಡಿ.