ವರವು ಕಾವಲಿನ ಮೇಲೆ ಪೈಲಟ್ ಇಲ್ಲದ ವಿಮಾನ

ಕೂಡ್ಲಿಗಿ, ಕೊಟ್ಟೂರು ಕಡೆಯ ನಮ್ಮ ಜನಕ್ಕೆ ನಾಯಕನಹಟ್ಟಿ ಅಂದರೆ ತಿಪ್ಪೇಸ್ವಾಮಿಯ ತೇರು. ಅದೇ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಈಗ ಒಳಗೆ ಯಾರೂ ಕೂರದ ವಿಮಾನಗಳು ಹಾರುತ್ತವೆ. ಮದುವೆ ವಿಡಿಯೊ ತೆಗೆಯುವ ನಾಲ್ಕು ಫ್ಯಾನಿನ ಡ್ರೋನ್ ಅಲ್ಲ ಇವು. ರಿಮೋಟ್ ಹಿಡಿದು ಹಾರಿಸುವ ಮಾದರಿ ವಿಮಾನದ ದೊಡ್ಡಣ್ಣಂದಿರು.

ಇವುಗಳ ವಂಶ ಹುಡುಕಿದರೆ ಮನೆಯಲ್ಲೇ ಕಟ್ಟುವ ವಿಮಾನವೊಂದು ಸಿಗುತ್ತದೆ. ಅಮೆರಿಕದ ಬರ್ಟ್ ರುಟಾನ್ ‘ಲಾಂಗ್ ಈಜಿ’ ಎಂಬ ಪುಟ್ಟ ವಿಮಾನದ ನಕ್ಷೆ ಮಾಡಿದ್ದರು. ಥರ್ಮಾಕೋಲಿನಂಥ ಫೋಮು, ಅದರ ಮೇಲೆ ಗಾಜಿನ ನಾರು, ಅಂಟು. ಪುಟ್ಟ ರೆಕ್ಕೆ ಮುಂದೆ, ಫ್ಯಾನು ಹಿಂದೆ. 1980ರ ದಶಕದಲ್ಲಿ ಬೆಂಗಳೂರಿನ ಎನ್‌ಎಎಲ್‌ನಲ್ಲಿ ಪ್ರೊ. ರುಸ್ತುಂ ದಮಾನಿಯಾ ಅವರ ತಂಡ ಅದೇ ನಮೂನೆಯ ಹಗುರ ವಿಮಾನ ಮಾಡಿತು. ಅವರು 2001ರಲ್ಲಿ ತೀರಿಕೊಂಡರು. ಮುಂದೆ ಡಿಆರ್‌ಡಿಒ ಆ ವಿಮಾನದಿಂದ ಮನುಷ್ಯನನ್ನು ಇಳಿಸಿ, ಯಂತ್ರಗಳನ್ನು ಕೂರಿಸಿ, ‘ರುಸ್ತುಂ-1’ ಎಂದು ಅವರದೇ ಹೆಸರಿಟ್ಟಿತು.

ಇಂಥ ವಿಮಾನ ಕಟ್ಟುವುದಕ್ಕಿಂತ ಹದ ಮಾಡುವುದೇ ಕಷ್ಟ. ಮಾದರಿ ವಿಮಾನ ಹಾರಿಸುವವರು ಮೊದಲು ಎರಡು ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತಿ ನೋಡುತ್ತಾರೆ. ಮೂತಿ ಅತಿಯಾಗಿ ಭಾರವಾದರೆ ಏಳದು, ಬಾಲ ಭಾರವಾದರೆ ಹಿಡಿತಕ್ಕೆ ಸಿಗದು. ತಕ್ಕಡಿಯ ಲೆಕ್ಕವೇ. ಆಮೇಲೆ ಕಡ್ಡಿ ಬಲಕ್ಕೆ ತಳ್ಳಿದರೆ ರೆಕ್ಕೆಯ ಪಟ್ಟಿ ಸರಿಯಾದ ಕಡೆಗೇ ತಿರುಗುತ್ತದೆಯೇ, ದೂರ ನಡೆದು ಹೋದರೂ ರೇಡಿಯೊ ಸಿಗ್ನಲ್ ಮುಟ್ಟುತ್ತದೆಯೇ ಎಂಬ ಪರೀಕ್ಷೆ. ಇಷ್ಟಾದರೂ ಕೆಳಗೆ ನಿಂತವನ ಕಣ್ಣಂದಾಜು ತಪ್ಪಬಹುದು. 2009ರ ನವೆಂಬರ್ 16ರಂದು ಹೊಸೂರಿನಲ್ಲಿ ರುಸ್ತುಂ-1 ಮೊದಲ ಸಲ ಹಾರಿದಾಗ ಎತ್ತರದ ಅಂದಾಜು ತಪ್ಪಿತು. ಅದಿನ್ನೂ ಗಾಳಿಯಲ್ಲಿರುವಾಗಲೇ ಕೆಳಗಿನಿಂದ ಎಂಜಿನ್ ಆಫ್ ಮಾಡಿದರು, ಬಿತ್ತು. ಮರುವರ್ಷ ಅಕ್ಟೋಬರ್ 16ರಂದು ಅರ್ಧ ಗಂಟೆ ಹಾರಿ ಸರಿಯಾಗಿ ಇಳಿಯಿತು.

ಬೀಳುವ ವಸ್ತುವಿಗೆ ಖಾಲಿ ಬಯಲು ಬೇಕು. ಸರ್ಕಾರದ ಕಣ್ಣಿಗೆ ಚಳ್ಳಕೆರೆಯ ಕಾವಲು ಖಾಲಿ ಕಂಡಿತು. ಆದರೆ ಇದು ಅಮೃತಮಹಲ್ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯ ದನಗಳ ಪರಂಪರೆಗೆ ಸೇರಿದ್ದು, ಅಮೃತಮಹಲ್ ಎಂಬ ಹೆಸರು ಟಿಪ್ಪು ಕಾಲದ್ದು. ಸುತ್ತಲ ಹಳ್ಳಿಗಳ ಕುರಿ ಮೇಯುತ್ತಿದ್ದುದು, ಕಂಬಳಿಗೆ ಉಣ್ಣೆ ಹುಟ್ಟುತ್ತಿದ್ದುದು ಈ ಹುಲ್ಲಿನಿಂದಲೇ. ಸುಮಾರು 10,000 ಎಕರೆ ಹಲವು ಸಂಸ್ಥೆಗಳಿಗೆ ಮಂಜೂರಾಯಿತು. ಡಿಆರ್‌ಡಿಒ ಪಾಲು 4,290 ಎಕರೆ. ಗೋಡೆ ಎದ್ದಾಗಲೇ ಎಷ್ಟೋ ಜನಕ್ಕೆ ಸುದ್ದಿ ಗೊತ್ತಾದದ್ದು. ಹಸಿರು ನ್ಯಾಯಮಂಡಳಿವರೆಗೂ ಹೋದರು. 2014ರಲ್ಲಿ ತೀರ್ಪು ಬಂತು, ಕೆಲಸ ನಿಲ್ಲಲಿಲ್ಲ. ಕೇಳಿಯೇ ಕೊಡಬಹುದಿತ್ತಲ್ಲ ಎಂಬುದು ನಮ್ಮ ತಕರಾರು.

2016ರ ನವೆಂಬರ್‌ನಲ್ಲಿ 20 ಮೀಟರ್ ರೆಕ್ಕೆಯ ರುಸ್ತುಂ-2 ಇಲ್ಲೇ ಮೊದಲು ಹಾರಿತು. 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಾಗ ಅದು ತಾನೇ ಬಂದು ಇದೇ ರನ್‌ವೇಯಲ್ಲಿ ಇಳಿಯಿತು. ಹೆಮ್ಮೆಯ ಕೆಲಸವೇ.

ಬಿದ್ದದ್ದೂ ಉಂಟು. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ. ಯಾರಿಗೂ ಪೆಟ್ಟಾಗಲಿಲ್ಲ. ಎರಡು ಸಲವೂ ಅದು ಬಿದ್ದದ್ದು ಗೋಡೆಯ ಒಳಗಲ್ಲ, ರೈತರ ಜಮೀನಿನಲ್ಲಿ.